ಬಹುದು

ಸಂಜೆ ಐದೂ ನಲವತ್ತಕ್ಕೆ ರೇಡಿಯೊ ಗೊರಗೊರ ಬಿಟ್ಟು ಮಾತಾಡುತ್ತದೆ:
ಉತ್ತರ ವರ್ಮಾಂಟಿನ ಬೆಟ್ಟಗಳ ಮೇಲೆ
ನಾಳೆ ರಾತ್ರಿಯಿಂದ ಎರಡು ಅಂಗುಲ, ಕೆಲವೆಡೆ ಮೂರು.
ಹಳ್ಳತೊರೆಗಳು ದಂಡೆ ಮೀರಬಹುದು.
ತಗ್ಗಿನವರು ಎಚ್ಚರದಿಂದ ಇರಬಹುದು,
ಅಲ್ಲ, ಇರಬೇಕು.
ಓದುವ ಹುಡುಗ ಹೊಸಬ. ತಿದ್ದಿಕೊಂಡ.

ಬಹುದು ಅನ್ನುವುದು ಎಷ್ಟು ಸಣ್ಣ ಬಾಲ!
ಮಾತಿನ ಹಿಂದೆ ಬೆಕ್ಕಿನದರಂತೆ ಅತ್ತಿತ್ತ ಆಡುತ್ತದೆ,
ಯಾವ ಕಡೆ ಜಿಗಿತವೋ ಹೇಳುವುದಿಲ್ಲ.

ನನ್ನ ಕೆಲಸ ಇಷ್ಟೆ: ಕೋಲ್ಟ್ ತೊರೆಯ ಸೇತುವೆಗೆ ಹೋಗಿ
ಕಂಬಕ್ಕೆ ಬಡಿದ ಅಳತೆಪಟ್ಟಿ ನೋಡಿ
ಕಚೇರಿಗೆ ಫೋನಿನಲ್ಲಿ ಹೇಳುವುದು.
ಹತ್ತೊಂಬತ್ತು ವರ್ಷವಾಯಿತು. ಸಂಬಳವಿಲ್ಲ.
ಕ್ರಿಸ್‌ಮಸ್ಸಿಗೆ ಒಂದು ಕ್ಯಾಲೆಂಡರ್ ಬರುತ್ತದೆ,
ಅದರಲ್ಲಿ ಹನ್ನೆರಡು ಮೋಡ.

ಈಗ ಏಪ್ರಿಲ್. ಮೇಪಲ್ ಮರಗಳ ರಸ ನಿಂತು
ಬಕೆಟ್ಟುಗಳು ಕೊಟ್ಟಿಗೆಯಲ್ಲಿ ಬೋರಲು ಬಿದ್ದಿವೆ.
ರಸ್ತೆ ಕಲಸಿಟ್ಟ ಹಿಟ್ಟು;
ಅಂಚೆಯವಳ ಜೀಪು ಮಂಗಳವಾರದಿಂದ ಬಂದಿಲ್ಲ.
ಬೆಟ್ಟದ ಬಡಗು ಮಗ್ಗುಲಲ್ಲಿ, ಫರ್ ಮರಗಳಡಿ,
ಇನ್ನೂ ಮೊಣಕಾಲುದ್ದ ಹಿಮ.
ಮಳೆಯೊಂದೇ ಆದರೆ ಲೆಕ್ಕ ಹಾಕಿಯೇವು.
ಮಳೆ ಹೋಗಿ ಮಲಗಿದ ಹಿಮವನ್ನು ಎಬ್ಬಿಸಿದರೆ
ಚಳಿಗಾಲವಿಡೀ ಕೂಡಿಟ್ಟದ್ದೆಲ್ಲ
ಒಂದೇ ರಾತ್ರಿ ಕೆಳಗಿಳಿಯುತ್ತದೆ.

ಹಾಲಿಸ್ ಪ್ಯಾಕರ್ಡ್ ತಲೆಗೆ ದೀಪ ಕಟ್ಟಿ ಮೋರಿಯ ಬಾಯಿಗಿಳಿದಿದ್ದಾನೆ.
ಬೀವರ್ ತುರುಕಿದ ಕಡ್ಡಿಗಳನ್ನು ಎಳೆದೆಳೆದು ಎಸೆಯುತ್ತ
ಆ ಪ್ರಾಣಿಯ ಮೂರು ತಲೆಮಾರನ್ನು ಬಯ್ಯುತ್ತಾನೆ.
ಅರ್ಲೀನ್ ಥಿಬೊ ಗ್ಯಾಸಿನ ತೊಟ್ಟಿಗೆ ಸರಪಳಿ ಬಿಗಿದು
ಮರಕ್ಕೆ ಕಟ್ಟುತ್ತಾಳೆ, ತುಂಟ ಹೋರಿಯನ್ನು ಕಟ್ಟುವ ಹಾಗೆ.
ಹೋದ ಸಲ ಅದು ಸಿಳ್ಳೆ ಹಾಕುತ್ತ ತೇಲಿಹೋಗಿ
ಇಗರ್ಜಿಯ ಮೆಟ್ಟಿಲೇರಿ ಕೂತಿತ್ತು.

ಅಲ್ಲಿನ ನೆಲಮಾಳಿಗೆಯಲ್ಲಿ ಆ ವರ್ಷದ ನೀರಿನ ಗೆರೆ ಇದೆ.
ಗೋಡೆಗೆ ಬಣ್ಣ ಬಳಿಯುವಾಗ ಅದನ್ನಷ್ಟು ಬಿಟ್ಟರು.
ಭಾನುವಾರ ಮಕ್ಕಳು ಅದಕ್ಕೆ ಬೆನ್ನು ಕೊಟ್ಟು ನಿಂತು
ತಾವೆಷ್ಟು ಬೆಳೆದೆವು ಎಂದು ನೋಡಿಕೊಳ್ಳುತ್ತಾರೆ.

ಮರುದಿನ ರಾತ್ರಿ ಹನ್ನೊಂದಕ್ಕೆ ಬಂತು.
ಗಾಳಿಯಿಲ್ಲ, ಗುಡುಗಿಲ್ಲ;
ದಿನಗೂಲಿಗೆ ಬಂದ ಆಳಿನ ಹಾಗೆ ಮಾತಿಲ್ಲದೆ ಸುರಿಯಿತು.
ಒಂದು ಗಂಟೆಗೆ ನಾಲ್ಕು ಅಡಿ. ಎರಡಕ್ಕೆ ಐದೂವರೆ.
ಟಾರ್ಚಿನ ಬೆಳಕಲ್ಲಿ ತೊರೆ ಕಂದು, ದಪ್ಪ.
ತಳದಲ್ಲಿ ಬಂಡೆಗಳು ಉರುಳುವುದು
ಕಿವಿಗಲ್ಲ, ಬೂಟಿನ ಅಟ್ಟೆಗೆ ಕೇಳುತ್ತಿತ್ತು.

ಏಳಕ್ಕೆ ಕೆಂಪು ಗೆರೆ.
ಆರೂ ಮುಕ್ಕಾಲಿಗೆ ನಿಂತಿತು.
ನಿಂತೇ ಇತ್ತು,
ಹೊಸ್ತಿಲಲ್ಲಿ ಏನನ್ನೋ ನೆನಪು ಮಾಡಿಕೊಳ್ಳುವವರ ಹಾಗೆ.
ಆಮೇಲೆ ಇಳಿಯಿತು, ಅರ್ಧರ್ಧ ಅಂಗುಲ.

ಮೋಡ ಬೆಟ್ಟ ದಾಟಿ ಮೂಡಲಿಗೆ ಸರಿದಿತ್ತು.
ಬೆಳಿಗ್ಗೆ ಕಚೇರಿಯವಳು ಹೇಳಿದಳು: ನಿಮ್ಮದು ಪಾರಾಯಿತು.
ಆಚೆ ಕಣಿವೆಯಲ್ಲಿ ಎರಡು ಸೇತುವೆ,
ಒಂದು ಕೊಟ್ಟಿಗೆ, ಇಪ್ಪತ್ತಾರು ಕರು.
ಅವಳು ಎರಡನೆಯ ವಾಕ್ಯ ಮುಗಿಸುವ ಮೊದಲೇ
ನಾನು ‘ಸದ್ಯ’ ಅಂದುಬಿಟ್ಟಿದ್ದೆ.

ಅಲ್ಲಿಯೂ ಪಟ್ಟಿ ಓದುವವನು ಒಬ್ಬನಿದ್ದಾನೆ. ಹೆಸರು ಗೊತ್ತಿಲ್ಲ.
ಅವನ ಕೊನೆಯ ಫೋನು ಮೂರೂಕಾಲಕ್ಕಂತೆ: ಹನ್ನೊಂದು ಅಡಿ.
ಆಮೇಲೆ ಓದಲು ಪಟ್ಟಿಯೇ ಇರಲಿಲ್ಲವಂತೆ;
ಅವನು ಇದ್ದಾನೆ, ಅಷ್ಟು ಕೇಳಿಕೊಂಡೆ.

ಹಾಲಿಸ್ ಟ್ರಕ್ಕಿಗೆ ಪಂಪು ಹೇರುತ್ತಿದ್ದ.
ಅರ್ಲೀನ್ ಮರದಿಂದ ಸರಪಳಿ ಬಿಚ್ಚಿ ತಂದು
ಧಡಾರನೆ ಹಿಂದಕ್ಕೆ ಎಸೆದಳು.
ಇದೇಕೆ, ಅಂದೆ.
ಬೇಕಾಗಬಹುದು, ಅಂದಳು. ಸರಿ, ಹತ್ತು.